ಸವಾರಿಯ ಹಕ್ಕು: ಕುದುರೆಯಿಂದ ಮೋಟಾರಿನವರೆಗೆ

ಅರಸರ ವಂಶಾವಳಿ, ಯುದ್ಧಗಳ ತಾರೀಖು, ಸಂಧಿಗಳ ಷರತ್ತು ಇವು ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಪಡೆದಿರುವ ಸ್ಥಾನವನ್ನು, ಜನರು ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹೋಗುತ್ತಿದ್ದರೆಂಬ ಪ್ರಶ್ನೆಯು ಪಡೆದಿಲ್ಲ. ಸಂಚಾರದ ವಿಷಯವನ್ನು ಎತ್ತಿಕೊಂಡವರೂ ಸಾಮಾನ್ಯವಾಗಿ ಅದನ್ನು ವಾಹನಗಳ ಪ್ರಗತಿಯ ಕಥೆಯನ್ನಾಗಿ ಹೇಳಿ ಮುಗಿಸುತ್ತಾರೆ. ಮೊದಲು ಎತ್ತು, ಅನಂತರ ಕುದುರೆ, ಆ ಬಳಿಕ ರೈಲು, ಕೊನೆಗೆ ಮೋಟಾರು ಎಂಬ ಈ ಸರಣಿಯು ನೋಡಲು ಸುಲಭವಾದುದು, ಆದರೆ ಅಪೂರ್ಣವಾದುದು. ವಾಹನವನ್ನು ಏರಿದವನು ಯಾರು, ಏರಲು ಬಿಡದೆ ಇದ್ದುದು ಯಾರನ್ನು, ಆ ಸವಾರಿಯ ವೆಚ್ಚವನ್ನು ತೆತ್ತವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗಲೇ ಸಂಚಾರದ ಚರಿತ್ರೆಯು ಸಮಾಜದ ಚರಿತ್ರೆಯಾಗುತ್ತದೆ. ದಖ್ಖಣ ಮತ್ತು ಕರ್ನಾಟಕದ ಕೆಲವು ನಿದರ್ಶನಗಳನ್ನು ಮುಖ್ಯವಾಗಿ ಇಟ್ಟುಕೊಂಡು ಈ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಶಬ್ದದ ಕಡೆಗೆ ಗಮನ ಕೊಡೋಣ. 'ಸವಾರಿ' ಎಂಬುದು ಪಾರಸಿಯಿಂದ ಬಂದ ಮಾತು. ಅದರೊಡನೆಯೇ ಜೀನು, ಲಗಾಮು, ರಿಕಾಪು ಎಂಬ ಶಬ್ದಗಳೂ ಕನ್ನಡಕ್ಕೆ ಬಂದಿವೆ. ಇವುಗಳಿಗೆ ಮುಂಚೆ ನಮ್ಮಲ್ಲಿ ಹಲ್ಲಣ, ಕಡಿವಾಣ ಎಂಬ ಮಾತುಗಳಿದ್ದುವು. ಕುದುರೆ ಏರಿದವನಿಗೆ ರಾವುತನೆಂದೂ ಆನೆಯ ಮೇಲಿನ ಯೋಧನಿಗೆ ಜೋದನೆಂದೂ ಹೆಸರಿತ್ತು. 'ಸವಾರಿ' ಎಂದರೆ ಕೇವಲ ಏರಿ ಹೋಗುವುದಲ್ಲ. 'ಮಹಾರಾಜರ ಸವಾರಿ ದಯಮಾಡಿಸಿತು' ಎನ್ನುವಲ್ಲಿ ಅದು ದೊಡ್ಡವರ ಆಗಮನ, ಮೆರವಣಿಗೆ ಎಂಬ ಅರ್ಥವನ್ನು ಪಡೆಯುತ್ತದೆ. ಒಬ್ಬನ ಮೇಲೆ ಇನ್ನೊಬ್ಬನು 'ಸವಾರಿ ಮಾಡಿದನು' ಎಂದರೆ ದಬ್ಬಾಳಿಕೆ ನಡೆಸಿದನೆಂದು ಅರ್ಥ. ಸಂಚಾರ, ಮರ್ಯಾದೆ, ಅಧಿಕಾರ ಈ ಮೂರೂ ಒಂದೇ ಶಬ್ದದಲ್ಲಿ ಕೂಡಿಕೊಂಡಿರುವುದು ಆಕಸ್ಮಿಕವಲ್ಲವೆಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಇಂದಿನ ಸಾಕು ಕುದುರೆಗಳ ಪೂರ್ವಜರು ವೋಲ್ಗಾ ಮತ್ತು ಡಾನ್ ನದಿಗಳ ಕೆಳ ಪ್ರದೇಶದ ಹುಲ್ಲುಗಾವಲುಗಳಿಂದ ಕ್ರಿ. ಪೂ. ೨೨೦೦-೨೦೦೦ರ ಸುಮಾರಿಗೆ ಬೇರೆಡೆಗಳಿಗೆ ಹರಡಿದುವೆಂದು ೨೦೨೧ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು ನಿರ್ಣಯಿಸಿದೆ. ಯುದ್ಧಭೂಮಿಯಲ್ಲಿ ಕುದುರೆಯು ಮೊದಲು ಪ್ರಾಮುಖ್ಯ ಪಡೆದುದು ರಥವನ್ನು ಎಳೆಯುವ ಪ್ರಾಣಿಯಾಗಿ. ರಾವುತನು ಪ್ರಬಲನಾದುದು ಬಹುಕಾಲದ ಅನಂತರ. ಕ್ರಿ. ಪೂ. ೯ನೆಯ ಶತಮಾನದ ಅಸ್ಸೀರಿಯದ ಉಬ್ಬುಶಿಲ್ಪಗಳಲ್ಲಿ ಸವಾರರು ಜೋಡಿಯಾಗಿ ಹೋಗುವುದನ್ನು ಕಾಣುತ್ತೇವೆ. ಒಬ್ಬನು ಬಿಲ್ಲನ್ನು ಸೆಳೆಯುತ್ತಿರುವಾಗ ಮಗ್ಗುಲಿನವನು ಎರಡು ಕುದುರೆಗಳ ಕಡಿವಾಣಗಳನ್ನೂ ಹಿಡಿದಿರುತ್ತಾನೆ. ರಥದಲ್ಲಿದ್ದ ಯೋಧ ಮತ್ತು ಸಾರಥಿಯರು ಹಾಗೆಯೇ ಕುದುರೆಯ ಬೆನ್ನಿಗೆ ವರ್ಗವಾದಂತೆ ಇದು ತೋರುತ್ತದೆ. ನಮ್ಮ ದೇಶದಲ್ಲಿ ಕ್ರಿ. ಪೂ. ೩೨೬ರ ಝೀಲಂ ನದಿಯ ಕಾಳಗದಲ್ಲಿ ಪೌರವನ ಕಡೆಯ ರಥಗಳು ಕೆಸರಿನಲ್ಲಿ ಸಿಕ್ಕಿ ನಿರುಪಯೋಗಿಯಾದುವೆಂದು ಗ್ರೀಕ್ ಮತ್ತು ರೋಮನ್ ಚರಿತ್ರಕಾರರು ಬರೆದಿದ್ದಾರೆ. ಕಾಲಕ್ರಮದಲ್ಲಿ ರಥವು ರಣರಂಗವನ್ನು ಬಿಟ್ಟು ದೇವಾಲಯದ ಬೀದಿಯನ್ನು ಸೇರಿತು. ನಮ್ಮ ಊರೂರ ತೇರುಗಳಲ್ಲಿ ಅದು ಇಂದಿಗೂ ಉಳಿದಿದೆ. ದಖ್ಖಣದ ಮಟ್ಟಿಗೆ ಹೇಳುವುದಾದರೆ, ನಾಗಪುರದ ಬಳಿಯ ಮಾಹುರ್‌ಝರಿಯ ಬೃಹತ್ ಶಿಲಾ ಸಮಾಧಿಗಳಲ್ಲಿ ಕುದುರೆಯ ಅಸ್ಥಿಗಳೂ ಅದರ ಲೋಹದ ಅಲಂಕಾರಗಳೂ ದೊರೆತಿವೆ. ಸತ್ತವನೊಡನೆ ಹೂಳುವಷ್ಟು ಬೆಲೆಯುಳ್ಳ ಪ್ರಾಣಿಯಾಗಿ ಕುದುರೆಯು ಈ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗಣ್ಯವಾಗಿದ್ದಿತು.

ಕುದುರೆಯ ಸವಾರಿಯನ್ನು ಮಾರ್ಪಡಿಸಿದ ಉಪಕರಣಗಳಲ್ಲಿ ರಿಕಾಪು ಮುಖ್ಯವಾದುದು. ಕಾಲಿನ ಹೆಬ್ಬೆರಳನ್ನು ತೂರಿಸುವಂತಹ ಕುಣಿಕೆಯ ರೂಪದಲ್ಲಿ ಅದರ ಪ್ರಾಚೀನ ಬಗೆಯೊಂದು ಸಾಂಚಿ ಮೊದಲಾದೆಡೆಗಳ ಶಿಲ್ಪಗಳಲ್ಲಿ ಕಾಣುತ್ತದೆ. ಎರಡು ಪಾದಗಳಿಗೂ ಆಧಾರ ಕೊಡುವ ಜೋಡಿ ರಿಕಾಪು ಚೀನಾ ದೇಶದಲ್ಲಿ ಕ್ರಿ. ಶ. ೪ನೆಯ ಶತಮಾನದ ಸಮಾಧಿಯ ಬೊಂಬೆಗಳಲ್ಲಿ ದೊರೆಯುತ್ತದೆ. ರಿಕಾಪಿನಿಂದಲೇ ಯೂರೋಪಿನಲ್ಲಿ ಭಾರವಾದ ಕವಚವುಳ್ಳ ಅಶ್ವಯೋಧನೂ ಅವನನ್ನು ಪೋಷಿಸಲು ಜಹಗೀರು ಪದ್ಧತಿಯೂ ಹುಟ್ಟಿದುವೆಂಬ ವಾದವನ್ನು ಅಮೆರಿಕದ ವಿದ್ವಾಂಸರಾದ ಲಿನ್ ವೈಟ್ ಅವರು ೧೯೬೨ರಲ್ಲಿ ಮಂಡಿಸಿದರು. ಈ ವಾದವು ವಿದ್ಯಾರ್ಥಿಗಳನ್ನು ಬಹಳವಾಗಿ ಆಕರ್ಷಿಸುತ್ತದೆ. ಆದರೆ ಅದನ್ನು ಪ್ರಶ್ನಿಸಿದವರು ತೋರಿಸಿರುವಂತೆ, ಅದೇ ರಿಕಾಪನ್ನು ಬಳಸಿದ ಬೇರೆ ಜನಾಂಗಗಳಲ್ಲಿ ಅಂತಹ ಪದ್ಧತಿಯು ಹುಟ್ಟಲಿಲ್ಲ. ಉಪಕರಣವು ಒಂದು ಸಾಧ್ಯತೆಯನ್ನು ಒದಗಿಸುತ್ತದೆ. ಅದರ ಫಲವು ಯಾರಿಗೆ ಸಲ್ಲಬೇಕೆಂಬುದನ್ನು ಭೂಮಿ, ಹಣ ಮತ್ತು ಅಧಿಕಾರಗಳ ವ್ಯವಸ್ಥೆಯು ನಿರ್ಧರಿಸುತ್ತದೆ. ಈ ಮಾತನ್ನು ಮೋಟಾರಿನವರೆಗೂ ನೆನಪಿನಲ್ಲಿಡುವುದು ಅವಶ್ಯಕ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸವಾರಿಯ ವಿಷಯವು ಎರಡು ಕಡೆ ಬರುತ್ತದೆ. ಆನೆ ಕುದುರೆಗಳನ್ನು ಓಡಿಸುವ ಗಜವಾಹ್ಯಾಲಿ, ತುರಗವಾಹ್ಯಾಲಿಗಳು ಅರಸನ ವಿನೋದಗಳ ಪಟ್ಟಿಯಲ್ಲಿವೆ. ಯಾನವು ತಾಂಬೂಲ, ವಿಲೇಪನ, ವಸ್ತ್ರ, ಛತ್ರಗಳ ಜೊತೆಯಲ್ಲಿ ಅರಸನ ಉಪಭೋಗಗಳ ಪಟ್ಟಿಯಲ್ಲಿದೆ. ಅಂದರೆ ಆ ಕಾಲದ ಪ್ರಭುವರ್ಗದ ದೃಷ್ಟಿಯಲ್ಲಿ ಸವಾರಿಯೆಂಬುದು ಊರು ಸೇರುವ ಉಪಾಯಕ್ಕಿಂತ ಹೆಚ್ಚಾಗಿ ಭೋಗ ಮತ್ತು ಲಾಂಛನವಾಗಿದ್ದಿತು. ಹಳೇಬೀಡಿನ ದೇವಾಲಯದ ಗೋಡೆಯ ಪಟ್ಟಿಕೆಗಳಲ್ಲಿ ಸಾಲುಸಾಲಾಗಿ ಸಾಗುವ ರಾವುತರೂ, ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ಕುದುರೆಯ ಮೇಲೆ ಮಡಿದ ವೀರರೂ ಇದೇ ಮಾತನ್ನು ಕಲ್ಲಿನಲ್ಲಿ ಹೇಳುತ್ತಾರೆ.

ಈ ಲಾಂಛನದ ಬೆಲೆ ಎಷ್ಟಾಗಿದ್ದಿತು? ದಕ್ಷಿಣದ ಹವೆ ಮತ್ತು ಮೇವು ಉತ್ತಮ ಜಾತಿಯ ಯುದ್ಧಾಶ್ವಗಳಿಗೆ ಒಗ್ಗುವಂತಹವಲ್ಲ. ಭೀಮಾ ನದಿಯ ಕಣಿವೆಯ ದೇಶೀ ತಳಿ ಗಟ್ಟಿಮುಟ್ಟಾದುದು. ಮುಂದೆ ಮರಾಠರ ದಂಡಿಗೆ ಅದು ಬಹಳ ಉಪಯೋಗಕ್ಕೆ ಬಂದಿತು. ಆದರೂ ಅರಸರು ಬಯಸಿದುದು ಅರಬ್ಬೀ ಮತ್ತು ಪಾರಸೀಕ ಕುದುರೆಗಳನ್ನು. ೧೩ನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೋ ಪೋಲೋ, ಪಾಂಡ್ಯರ ನಾಡಿಗೆ ಹೊರ್ಮುಜ್, ಏಡನ್ ಮೊದಲಾದ ರೇವುಗಳಿಂದ ವರ್ಷವರ್ಷವೂ ಸಾವಿರಾರು ಕುದುರೆಗಳು ಬರುತ್ತಿದ್ದುವೆಂದೂ, ಸರಿಯಾದ ಆರೈಕೆಯಿಲ್ಲದೆ ಅವುಗಳಲ್ಲಿ ಬಹುಪಾಲು ಸಾಯುತ್ತಿದ್ದುವೆಂದೂ, ಆದುದರಿಂದ ಮಾರುವವರ ಲಾಭವು ನಿಲ್ಲುತ್ತಲೇ ಇರಲಿಲ್ಲವೆಂದೂ ಬರೆದಿದ್ದಾನೆ. ವಿಜಯನಗರದ ಇಮ್ಮಡಿ ದೇವರಾಯನು ಬಹಮನಿ ಸುಲ್ತಾನರ ಮೇಲುಗೈಗೆ ಕಾರಣವೇನೆಂದು ತನ್ನವರನ್ನು ವಿಚಾರಿಸಿದಾಗ, ಅವರ ಉತ್ತಮ ಕುದುರೆಗಳು ಮತ್ತು ಬಿಲ್ಲಾಳುಗಳೆಂಬ ಉತ್ತರ ದೊರೆಯಿತೆಂದು ಫಿರಿಸ್ತಾ ಹೇಳುತ್ತಾನೆ. ರಷ್ಯಾದ ವರ್ತಕನಾದ ಅಫನಾಸಿ ನಿಕಿತಿನ್ ಎಂಬವನು ೧೪೭೦ರ ಸುಮಾರಿಗೆ ಒಂದೇ ಒಂದು ಕುದುರೆಯನ್ನು ಮಾರುವ ಆಸೆಯಿಂದ ಸಮುದ್ರ ದಾಟಿ ಬಂದನು. ಜುನ್ನರದ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು, ಮತಾಂತರ ಹೊಂದಿದರೆ ಹಿಂದಿರುಗಿಸುವೆನೆಂದನು. ಬೇರೊಬ್ಬ ಪಾರಸೀಕ ಪ್ರಮುಖನ ಸಹಾಯದಿಂದ ನಿಕಿತಿನ್ನನು ಅದನ್ನು ಬಿಡಿಸಿಕೊಂಡು ಬೀದರಿನ ಕಡೆಗೆ ನಡೆದನು. ಒಂದು ಕುದುರೆಗಾಗಿ ಒಬ್ಬನು ಅಷ್ಟು ದೂರ ಬರುವುದೂ, ಅದಕ್ಕಾಗಿ ಒಬ್ಬ ಅಧಿಕಾರಿಯು ಅಂತಹ ಒತ್ತಾಯವನ್ನು ಹೇರುವುದೂ ಆ ಪ್ರಾಣಿಯ ಬೆಲೆಯನ್ನು ಚೆನ್ನಾಗಿ ತಿಳಿಸುತ್ತವೆ.

ಈ ಬೆಲೆಯನ್ನು ಕೊನೆಗೆ ತೆತ್ತವರು ಯಾರೆಂಬುದಕ್ಕೆ ಪೋರ್ಚುಗೀಸ್ ಕುದುರೆ ವ್ಯಾಪಾರಿಯಾದ ಫೆರ್ನಾವೊ ನೂನಿಜನ ವೃತ್ತಾಂತವು ಸುಳಿವನ್ನು ಕೊಡುತ್ತದೆ. ೧೫೩೫-೩೭ರ ಸುಮಾರಿಗೆ ಬರೆದ ಅವನ ಪ್ರಕಾರ ಸಾಳುವ ನರಸಿಂಹನು ಸಾವಿರ ಪರ್ದಾವುಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನು. ಸಮುದ್ರದಲ್ಲಿ ಸತ್ತುವುಗಳ ಬಾಲವನ್ನು ತಂದು ತೋರಿಸಿದರೂ ಹಣವನ್ನು ಕೊಡುತ್ತಿದ್ದನು. ಮುಂದೆ ವಿಜಯನಗರದ ಅರಸನು ವರ್ಷಕ್ಕೆ ೧೩,೦೦೦ ಹೊರ್ಮುಜ್ ಕುದುರೆಗಳನ್ನೂ ದೇಶೀ ಕುದುರೆಗಳನ್ನೂ ಕೊಂಡು, ಉತ್ತಮವಾದುವನ್ನು ತನ್ನ ಲಾಯಕ್ಕೆ ಉಳಿಸಿಕೊಂಡು, ದೇಶೀ ಕುದುರೆಗಳನ್ನು ಸಾವಿರಕ್ಕೆ ಐದರಂತೆ ತನ್ನ ನಾಯಕರಿಗೆ ಮಾರುತ್ತಿದ್ದನೆಂದೂ, ಅವರು ಸೆಪ್ಟೆಂಬರ್ ತಿಂಗಳೊಳಗೆ ಆ ಹಣವನ್ನು ಸಲ್ಲಿಸಬೇಕಾಗಿತ್ತೆಂದೂ, ಅದೇ ಹಣದಿಂದ ಪೋರ್ಚುಗೀಸರ ಅರಬ್ಬೀ ಕುದುರೆಗಳ ಬಾಕಿ ತೀರುತ್ತಿತ್ತೆಂದೂ ನೂನಿಜನು ಹೇಳುತ್ತಾನೆ. ಸಂಖ್ಯೆಯಲ್ಲಿ ಅತಿಶಯೋಕ್ತಿಯಿರಬಹುದು, ವ್ಯವಸ್ಥೆಯ ಸ್ವರೂಪವಾದರೋ ಸ್ಪಷ್ಟವಾಗಿದೆ. ನಾಯಕನ ಆದಾಯವೆಲ್ಲವೂ ತನ್ನ ಸೀಮೆಯ ರೈತರಿಂದ ಬರತಕ್ಕದ್ದು. ಆದುದರಿಂದ ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ನಾವು ಕಾಣುವ ಕುದುರೆಗಳು, ಒಂದರ್ಥದಲ್ಲಿ, ಎಂದೂ ಕುದುರೆ ಏರದ ಒಕ್ಕಲಿಗನ ಬೆಳೆಯಿಂದ ಕೊಂಡುವು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ವ್ಯಾಪಾರವನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು. ೧೫೪೭ರಲ್ಲಿ ಅವರು ಸದಾಶಿವರಾಯನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಕುದುರೆಗಳ ವಿಷಯವು ಮುಖ್ಯ ಷರತ್ತಾಗಿದ್ದಿತು. ಸವಾರಿಗಾಗಿ ಪರದೇಶವನ್ನು ನೆಚ್ಚಿದ ರಾಜ್ಯದ ರಾಜನೀತಿಯು ಸಮುದ್ರದ ಒಡೆಯರ ಕಡೆಗೆ ನೋಡಲೇಬೇಕಾಯಿತು. ಇಂಧನ ತೈಲಕ್ಕಾಗಿ ಅದೇ ಕೊಲ್ಲಿಯ ಕಡೆಗೆ ನೋಡುತ್ತಿರುವ ನಮ್ಮ ಕಾಲಕ್ಕೆ ಈ ಸಂಗತಿಯು ಅಪರಿಚಿತವಾಗಿ ತೋರಲಾರದು.

ಕುದುರೆಯ ವೈಭವದ ಹಿಂದೆ ಎತ್ತಿನ ದುಡಿಮೆ ಇದ್ದಿತು. ಘಟ್ಟದ ಮೇಲೂ ಕೆಳಗೂ ಉಪ್ಪು, ಧಾನ್ಯಗಳನ್ನು ಸಾಗಿಸಿದವರು ಲಂಬಾಣಿಗಳು ಮತ್ತು ಅವರ ಹೇರೆತ್ತುಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಹೈದರನು ಬೆಳೆಸಿದನು. ಟಿಪ್ಪುವು ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟನು. ಮೈಸೂರಿನ ತೋಪುಗಳ ವೇಗದ ಚಲನೆಗೆ ಈ ತಳಿಯ ಎತ್ತುಗಳೇ ಕಾರಣವಾಗಿದ್ದುವು. ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಕಾರ್ನ್‌ವಾಲೀಸನ ದಂಡಯಾತ್ರೆಯು ಒದಗಿಸುತ್ತದೆ. ೧೭೯೧ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದರೂ ಎತ್ತುಗಳು ಸತ್ತು ಆಹಾರವು ತೀರಿದುದರಿಂದ ಅವನು ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಗೆದ್ದುದಕ್ಕೆ ಲಂಬಾಣಿಗಳ ಧಾನ್ಯದ ಸರಬರಾಯಿಯೂ ಒಂದು ಪ್ರಬಲ ಕಾರಣ. ಸೇನಾನಿಗಳ ಹೆಸರು ಉಳಿಯಿತು. ಎತ್ತು ಹೊಡೆದವರ ಹೆಸರು ಉಳಿಯಲಿಲ್ಲ.

ಮನುಷ್ಯನನ್ನು ಮನುಷ್ಯನೇ ಹೊರುವ ಅಂದಣ, ಮೇನೆ, ಪಲ್ಲಕ್ಕಿಗಳು ಈ ಚರಿತ್ರೆಯ ಇನ್ನೊಂದು ಮುಖ. ಮೈಸೂರು ಸೀಮೆಯಲ್ಲಿ ಮೀನು ಹಿಡಿಯುವ ಮತ್ತು ದೋಣಿ ನಡೆಸುವ ಬೆಸ್ತರೇ ಪಲ್ಲಕ್ಕಿ ಹೊರುವ ಬೋಯಿಗಳೂ ಆಗಿದ್ದರು. ಪಲ್ಲಕ್ಕಿಯಲ್ಲಿ ಕುಳಿತವನು ವೇಗವಾಗಿ ಹೋಗುತ್ತಿರಲಿಲ್ಲ; ಮೆರೆಯುತ್ತ ಹೋಗುತ್ತಿದ್ದನು. ಆದುದರಿಂದಲೇ ಛತ್ರ ಚಾಮರಗಳೊಡನೆ ಪಲ್ಲಕ್ಕಿಯನ್ನೂ ಅರಸರು ಬಿರುದಾಗಿ ಕೊಡುತ್ತಿದ್ದರು. ಬೀದಿಯ ಉದ್ದಕ್ಕಲ್ಲದೆ ಅಡ್ಡವಾಗಿ ಪಲ್ಲಕ್ಕಿಯನ್ನು ಹೊರಿಸಿಕೊಳ್ಳುವ 'ಅಡ್ಡಪಲ್ಲಕ್ಕಿ'ಯು ಇನ್ನೂ ಹೆಚ್ಚಿನ ಗೌರವವಾಗಿದ್ದಿತು. ಏಕೆಂದರೆ ಎದುರಿನಿಂದ ಬರುವವರೆಲ್ಲರೂ ಆಗ ದಾರಿ ಬಿಡಬೇಕಾಗುತ್ತಿತ್ತು. ಈ ಗೌರವವು ತಮಗೆ ಮಾತ್ರ ಸಲ್ಲತಕ್ಕದ್ದೆಂದು ಗುರುಪೀಠವೊಂದು ಹೂಡಿದ ವ್ಯಾಜ್ಯವು ಕಂಪೆನಿಯ ನ್ಯಾಯಸ್ಥಾನಗಳನ್ನು ದಾಟಿ ೧೮೪೩ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸಾರ್ವಜನಿಕ ಬೀದಿಯಲ್ಲಿ ಯಾರು ಹೇಗೆ ಸಾಗಬೇಕೆಂಬುದು ಆ ಕಾಲದ ಸಮಾಜಕ್ಕೆ ಎಷ್ಟು ಗಹನವಾದ ಪ್ರಶ್ನೆಯಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಇಂತಹ ಸಮಾಜಕ್ಕೆ ರೈಲು ಬಂದಿತು. ೧೮೫೩ರ ಏಪ್ರಿಲ್ ೧೬ರಂದು ಬೊಂಬಾಯಿ-ಠಾಣೆಗಳ ನಡುವೆ ಮೊದಲಾದ ಪ್ರಯಾಣಿಕರ ರೈಲು ೧೮೬೪ರಲ್ಲಿ ಜೋಲಾರಪೇಟೆಯ ಮೂಲಕ ಬೆಂಗಳೂರನ್ನು ಮುಟ್ಟಿತು. ೧೮೮೨ರ ವೇಳೆಗೆ ಮೈಸೂರನ್ನು ತಲಪಿತು. ರೈಲಿನಲ್ಲಿಯೂ ತರಗತಿಗಳಿದ್ದುವು, ಯೂರೋಪಿಯನರಿಗೆ ಪ್ರತ್ಯೇಕವಾದ ಡಬ್ಬಿಗಳೂ ಇದ್ದುವು. ಆದರೂ ಅದು ಸವಾರಿಯ ನಿಯಮವನ್ನು ಒಂದು ಮುಖ್ಯ ವಿಷಯದಲ್ಲಿ ಬದಲಾಯಿಸಿತು. ಕುದುರೆ, ಅಂದಣಗಳನ್ನು ಏರುವವನು ತಾನು ಯಾರೆಂಬುದನ್ನು ತೋರಿಸಬೇಕಾಗಿತ್ತು. ರೈಲನ್ನು ಏರುವವನು ಚೀಟಿಯನ್ನು ತೋರಿಸಿದರೆ ಸಾಕಾಗಿತ್ತು.

ಈ ವ್ಯತ್ಯಾಸದ ತೂಕವನ್ನು ಡಾಕ್ಟರ್ ಅಂಬೇಡ್ಕರರ ಆತ್ಮವೃತ್ತಾಂತದ ಎರಡು ಪ್ರಸಂಗಗಳಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಲಾರದು. ೧೯೦೧ರಲ್ಲಿ ಬಾಲಕರಾಗಿದ್ದ ಅವರು ಅಣ್ಣ ಮತ್ತು ಇತರ ಮಕ್ಕಳೊಡನೆ ತಂದೆಯಿದ್ದ ಕೋರೆಗಾಂವಿಗೆ ಹೊರಟು ಮಸೂರು ನಿಲ್ದಾಣದಲ್ಲಿ ರೈಲನ್ನು ಇಳಿದರು. ಅಲ್ಲಿಯವರೆಗೆ ತೊಂದರೆಯಿರಲಿಲ್ಲ. ಮಕ್ಕಳು ಮಹಾರ್ ಜಾತಿಯವರೆಂದು ತಿಳಿದೊಡನೆ ಅವರನ್ನು ಕರೆದೊಯ್ಯಲು ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಎತ್ತುಗಳನ್ನು ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆಯಬೇಕು ಎಂಬ ಏರ್ಪಾಡಾಯಿತು. ೧೯೨೯ರಲ್ಲಿ, ಅವರು ವಿದೇಶದಲ್ಲಿ ವ್ಯಾಸಂಗ ಮುಗಿಸಿ ಬ್ಯಾರಿಸ್ಟರರಾದ ಮೇಲೆ, ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೋಗಲು ನಿರಾಕರಿಸಿದರು. ಅತಿಥಿಯು ನಡೆದು ಬರುವುದು ಗೌರವವಲ್ಲವೆಂದು ಭಾವಿಸಿದ ಅವರ ಜನರು ಟಾಂಗಾವನ್ನು ಮಾತ್ರ ಬಾಡಿಗೆಗೆ ಪಡೆದು, ಅನುಭವವಿಲ್ಲದ ಒಬ್ಬನಿಂದ ಅದನ್ನು ಓಡಿಸಿದರು. ಟಾಂಗಾ ಅಪಘಾತಕ್ಕೊಳಗಾಗಿ ಅಂಬೇಡ್ಕರರ ಮೂಳೆ ಮುರಿಯಿತು. ಎರಡು ಪ್ರಸಂಗಗಳಲ್ಲಿಯೂ ಹಣವಿದ್ದಿತು, ವಾಹನವಿದ್ದಿತು, ರಸ್ತೆಯಿದ್ದಿತು. ಇರದೆ ಇದ್ದುದು ಏರುವ ಹಕ್ಕು. ಈ ಹಕ್ಕಿಗಾಗಿಯೇ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿಯವರು ೧೮೯೩ರಲ್ಲಿ, ತಮ್ಮ ಜಾತಿಯವರಿಗೆ ನಿಷಿದ್ಧವಾಗಿದ್ದ ರಾಜಬೀದಿಯಲ್ಲಿ, ಎತ್ತಿನ ಗಾಡಿಯನ್ನೇರಿ ಹೋದರು. ಆ ದಿನ ಗಾಡಿಯು ಎಷ್ಟು ದೂರ ಹೋಯಿತೆಂಬುದಕ್ಕಿಂತ, ಅದರಲ್ಲಿ ಕುಳಿತಿದ್ದವರು ಯಾರೆಂಬುದು ಮುಖ್ಯವಾಗಿದ್ದಿತು.

ಬೈಸಿಕಲ್ಲಿನ ಚರಿತ್ರೆಯೂ ಈ ದೃಷ್ಟಿಯಿಂದ ಗಮನಾರ್ಹವಾದುದು. ಜರ್ಮನಿಯ ಕಾರ್ಲ್ ದ್ರಾಯಿಸನು ೧೮೧೭ರಲ್ಲಿ ಓಡಿಸಿ ತೋರಿಸಿದ ಎರಡು ಚಕ್ರದ ಯಂತ್ರವನ್ನು ಕಾಲಿನಿಂದ ನೆಲವನ್ನು ಒದ್ದು ಮುಂದೂಡಬೇಕಾಗಿತ್ತು. ೧೮೮೫ರಲ್ಲಿ ಸ್ಟಾರ್ಲಿಯ ಸುರಕ್ಷಿತ ಬೈಸಿಕಲ್ಲೂ ೧೮೮೮ರಲ್ಲಿ ಡನ್‌ಲಪ್ಪನ ಗಾಳಿ ತುಂಬಿದ ಟೈರೂ ಬಂದ ಮೇಲೆ ಅದು ಜನಸಾಮಾನ್ಯರ ವಾಹನವಾಯಿತು. ಮೇವು, ಲಾಯ, ಚಾಕರ ಯಾವುದೂ ಬೇಡದ, ಏರಿದವನೇ ಹೊತ್ತವನೂ ಆಗಿರುವ ಮೊದಲನೆಯ ವಾಹನವಿದು. ನಮ್ಮ ಶಾಲಾ ಮಾಸ್ತರರು, ಅಂಚೆಯವರು, ಹಾಲು ಮಾರುವವರು ಇದರಿಂದ ತಮ್ಮ ಸಂಚಾರಕ್ಕೆ ತಾವೇ ಒಡೆಯರಾದರು. ಕರ್ನಾಟಕ ಸರ್ಕಾರವು ೨೦೦೬-೦೭ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸವಾರರಾದುದು, ಪ್ರೌಢಶಾಲೆಯ ಚರಿತ್ರೆಯಲ್ಲಿ ಮಾತ್ರವಲ್ಲದೆ ಸವಾರಿಯ ಚರಿತ್ರೆಯಲ್ಲಿಯೂ ಬರೆದಿಡತಕ್ಕ ಸಂಗತಿ.

ಮೋಟಾರು ವಾಹನವು ಕಾರ್ಲ್ ಬೆಂಜನ ೧೮೮೬ರ ಪೇಟೆಂಟಿನಿಂದ ಮೊದಲುಗೊಳ್ಳುತ್ತದೆ. ೧೯೦೮ರಲ್ಲಿ ಹೊರಬಂದ ಫೋರ್ಡನ ಟಿ ಮಾದರಿಯು ಅಮೆರಿಕದಲ್ಲಿ ಮೋಟಾರನ್ನು ಮಧ್ಯಮ ವರ್ಗದವರ ಕೈಗೆಟಕುವಂತೆ ಮಾಡಿತು. ಕುದುರೆಯು ಒಂದೇ ದಿನದಲ್ಲಿ ಮರೆಯಾಗಲಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರುಗಳು ಮೆಷಿನ್ ಗನ್ನುಗಳ ಎದುರಿನಲ್ಲಿ ಈಟಿ ಹಿಡಿದು ನುಗ್ಗಿ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದರು. ರಾವುತರ ಕೊನೆಯ ದೊಡ್ಡ ವಿಜಯಗಳಲ್ಲಿ ಒಂದಾದ ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ. ಅನಂತರ ಕುದುರೆಯು ಸೇನೆಯಿಂದ ಮೆರವಣಿಗೆಗೂ, ಸಾರೋಟು ಜಟಕಾಗಳ ಮೂಲಕ ನಗರದ ಬೀದಿಗೂ ಸರಿದು ಕ್ರಮೇಣ ವಿರಳವಾಯಿತು. ಎಂಜಿನ್ನಿನ ಬಲವನ್ನು ಇಂದಿಗೂ ನಾವು 'ಅಶ್ವಶಕ್ತಿ'ಯಲ್ಲಿಯೇ ಅಳೆಯುತ್ತಿರುವುದು ಅದರ ನೆನಪಾಗಿ ಉಳಿದಿದೆ. ಮೈಸೂರಿನ ಜಂಬೂ ಸವಾರಿಯಲ್ಲಿ ಅರಸರು ಕುಳಿತುಕೊಳ್ಳುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿಯು ಕುಳಿತಿರುತ್ತದೆ. ರಥದಂತೆಯೇ ಅಂಬಾರಿಯೂ ಪ್ರಭುವಿನಿಂದ ದೇವತೆಗೆ ವರ್ಗವಾಯಿತು.

ನಮ್ಮ ನಾಡಿನಲ್ಲಿ ಮೋಟಾರಿನ ಯುಗದ ಮುಖ್ಯ ಘಟನೆಯೆಂದರೆ ಕಾರಿನ ಆಗಮನವಲ್ಲ, ಬಸ್ಸಿನ ವ್ಯಾಪನೆ ಎಂದು ನಮ್ಮ ಅಭಿಪ್ರಾಯ. ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಕೆಲಸಕ್ಕೆ ತೊಡಗಿತು. ೧೯೬೧ರಲ್ಲಿ ಅದು ನಿಗಮವಾಯಿತು. ರೈಲು ಹೋಗದ ಹಳ್ಳಿಗೂ ಚೀಟಿಯ ನಿಯಮವನ್ನು ಕೊಂಡೊಯ್ದುದು ಬಸ್ಸು. ಯಾರ ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂಬ ಊರಿನ ಕಟ್ಟುಪಾಡು ಬಸ್ಸಿನ ಬೆಂಚಿನ ಮೇಲೆ ನಡೆಯುವುದು ಕಷ್ಟವಾಯಿತು. ೨೦೨೩ರ ಜೂನ್ ೧೧ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟು ಈ ಸರಣಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದೆ. ಅದರ ಹಣಕಾಸಿನ ಚರ್ಚೆಯು ಅರ್ಥಶಾಸ್ತ್ರಜ್ಞರಿಗೆ ಸೇರಿದುದು. ಯಾರು ಏರಿದರು, ಯಾರು ತೆತ್ತರು ಎಂಬ ಹಳೆಯ ಪ್ರಶ್ನೆಯು ಅದರಲ್ಲಿ ಹೊಸ ರೂಪದಲ್ಲಿ ಬಂದಿರುವುದನ್ನು ಮಾತ್ರ ನಾವು ಗುರುತಿಸುತ್ತೇವೆ.

ಹಾಗೆಂದು ಸವಾರಿಯು ಎಲ್ಲರಿಗೂ ನಿರ್ಭಯವಾಗಿ ದೊರೆತಿದೆಯೆಂದು ಹೇಳುವಂತಿಲ್ಲ. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನರು ಮೃತಪಟ್ಟರು. ಅವರಲ್ಲಿ ಶೇಕಡ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಶೇಕಡ ೧೯ಕ್ಕೂ ಹೆಚ್ಚು ಮಂದಿ ಯಾವ ವಾಹನವನ್ನೂ ಏರದೆ ನಡೆದು ಹೋಗುತ್ತಿದ್ದವರು. ಅಡ್ಡಪಲ್ಲಕ್ಕಿಯ ಎದುರಿನಲ್ಲಿ ದಾರಿ ಬಿಡಬೇಕಾಗಿದ್ದ ಪಾದಚಾರಿಯು ಇಂದು ಮೋಟಾರಿನ ಎದುರಿನಲ್ಲಿಯೂ ದಾರಿ ಬಿಡುತ್ತಿದ್ದಾನೆ.

ಮರ್ಯಾದೆಯ ಪ್ರಶ್ನೆಯೂ ಮುಗಿದಿಲ್ಲ. ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳ ಮೇಲಿನ ದೌರ್ಜನ್ಯಗಳನ್ನು ತಡೆಯುವ ೧೯೮೯ರ ಕಾನೂನಿಗೆ ೨೦೧೫ರಲ್ಲಿ ಆದ ತಿದ್ದುಪಡಿಯು, ಈ ವರ್ಗದವರು ಸಾರ್ವಜನಿಕ ಸ್ಥಳದಲ್ಲಿ ಬೈಸಿಕಲ್ಲನ್ನಾಗಲಿ ಮೋಟಾರ್ ಸೈಕಲ್ಲನ್ನಾಗಲಿ ಏರುವುದಕ್ಕೆ, ಮದುವೆಯ ಮೆರವಣಿಗೆಯಲ್ಲಿ ಕುದುರೆಯನ್ನಾಗಲಿ ಬೇರೆ ವಾಹನವನ್ನಾಗಲಿ ಏರುವುದಕ್ಕೆ ಅಡ್ಡಿ ಮಾಡುವುದನ್ನು ಅಪರಾಧವೆಂದು ಹೆಸರಿಸಿ ಹೇಳಿದೆ. ೨೧ನೆಯ ಶತಮಾನದ ಶಾಸನವೊಂದು ಕುದುರೆಯನ್ನೂ ಮೋಟಾರ್ ಸೈಕಲ್ಲನ್ನೂ ಒಂದೇ ವಾಕ್ಯದಲ್ಲಿ ಸೇರಿಸಬೇಕಾಗಿ ಬಂದಿರುವುದನ್ನು ಚರಿತ್ರೆಯ ವಿದ್ಯಾರ್ಥಿಯು ಲಕ್ಷ್ಯವಿಟ್ಟು ಓದಬೇಕು. ವಾಹನವು ನಾಲ್ಕು ಸಾವಿರ ವರ್ಷಗಳಲ್ಲಿ ಗುರುತು ಸಿಕ್ಕದಷ್ಟು ಬದಲಾಗಿದೆ; ಅದನ್ನು ಏರಿದವನನ್ನು ಕಂಡು 'ಇವನಿಗೇಕೆ ಈ ಸವಾರಿ' ಎಂದು ಕೇಳುವ ಮನೋಭಾವವು ಅಷ್ಟಾಗಿ ಬದಲಾಗಿಲ್ಲ. ಯಂತ್ರದ ಪ್ರಗತಿಯಿಂದ ಸಮಾನತೆಯು ತಾನಾಗಿಯೇ ಬರುವುದಿಲ್ಲವೆಂದೂ, ಚೀಟಿ, ಕಾನೂನು ಮತ್ತು ಏರಿಯೇ ತೀರುವೆನೆಂಬ ಮನುಷ್ಯರ ಸಂಕಲ್ಪ ಇವುಗಳಿಂದ ಅದನ್ನು ಸಾಧಿಸಿಕೊಳ್ಳಬೇಕಾಗುವುದೆಂದೂ ಮೇಲಿನ ನಿದರ್ಶನಗಳಿಂದ ವ್ಯಕ್ತವಾಗುತ್ತದೆ. ನಮ್ಮ ಜಿಲ್ಲೆಗಳ ಶಾಸನಗಳಲ್ಲಿ, ಹಳೆಯ ಕಡತಗಳಲ್ಲಿ, ಹಿರಿಯರ ನೆನಪುಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಸಾಮಗ್ರಿಯು ಹೇರಳವಾಗಿದೆ. ಅದನ್ನು ಸಂಗ್ರಹಿಸುವ ಕಾರ್ಯಕ್ಕೆ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮುಂದಾದರೆ, ಏರಿದವರ ಚರಿತ್ರೆಯ ಜೊತೆಗೆ ಹೊತ್ತವರ ಮತ್ತು ತೆತ್ತವರ ಚರಿತ್ರೆಯನ್ನೂ ಬರೆಯುವುದು ಸಾಧ್ಯವಾದೀತು.